ಒಕ್ಕೂಟದ ವರ್ಷದ ಲೆಕ್ಕ, ಮತ್ತೆ ಚಳಿಗಾಲದ ಒಂದು ಭಾನುವಾರ

1/7
ಮೊದಲ ಫೋಟೋ ನೀವೆಲ್ಲ ನೋಡಿದ್ದೇ. ನಮ್ಮ ಕಾಲೇಜು ವಿದ್ಯಾರ್ಥಿ ಒಕ್ಕೂಟದ '2025 ಹಿನ್ನೋಟ' ಪೋಸ್ಟರ್. ಹದಿನಾಲ್ಕು ಕಾರ್ಯಕ್ರಮ, ಹದಿನಾಲ್ಕು ಗ್ರೂಪ್ ಫೋಟೋ, ನಡುವೆ ದಪ್ಪ ಅಕ್ಷರದಲ್ಲಿ 'ಯಶಸ್ವಿ ವರ್ಷ'. ಆ ರೀಲ್‌ಗೆ ನಾನೂ ಹಾರ್ಟ್ ಒತ್ತಿದ್ದೀನಿ, ಸ್ಟೋರಿಗೂ ಹಾಕಿದ್ದೀನಿ. ಬಲಗಡೆ ಕೊನೆಯಲ್ಲಿ ಹಸಿರು ಸೀರೆ ಉಟ್ಟು ಹಲ್ಲು ಬಿಟ್ಟು ನಿಂತವಳು ನಾನೇ. ಒಕ್ಕೂಟದ ಖಜಾಂಚಿ.

ಸ್ಟೋರಿ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಒಂದು ಮೆಸೇಜ್ ಬಂತು. ಬ್ಯಾಡಗಿ ಕಡೆಯಿಂದ ಬರುವ ನನ್ನ ಕ್ಲಾಸ್‌ಮೇಟ್. ಮೂರು ವರ್ಷದಿಂದ ಒಂದೇ ಬೆಂಚು.

"ಚಲೋ ಬಂದೈತಿ ಪೋಸ್ಟರ್. ಆದ್ರ ಹದಿನಾಲ್ಕರಾಗ ನಾ ಒಂದಕ್ಕೂ ಬಂದಿಲ್ಲ ನೋಡ. ಫೀಸು ಮಾತ್ರ ಎಲ್ಲಾರಂಗ ಕಟ್ಟೀನಿ. ನನ್ನ ರೊಕ್ಕ ಎಲ್ಲಿ ಹೋತು ಹೇಳ, ಖಜಾಂಚಿ ಅವ್ವಾ?"

ಕೊನೆಗೆ ನಗುವ ಇಮೋಜಿ ಇತ್ತು. ನನಗೆ ಮಾತ್ರ ನಗು ಬರಲಿಲ್ಲ. ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಆಮೇಲೆ ಎದ್ದು ಲೆಕ್ಕದ ಪುಸ್ತಕ ತೆಗೆದೆ.

ಈ ಸರಣಿ ಅವಳಿಗೆ ನಾನು ಕೊಡುವ ಉತ್ತರ. ಅವಳನ್ನು ಕೇಳಿಯೇ ಬರೀತಿದ್ದೀನಿ. "ಬರಿ, ಹೆಸರು ಹಾಕಬ್ಯಾಡ" ಅಂದಿದ್ದಾಳೆ.

2/7
ಎರಡನೇ ಫೋಟೋ: ನನ್ನ ನಗದು ಪುಸ್ತಕ. ಅಕ್ಷರ ಕಾಣದಂಗ ಮಸುಕು ಮಾಡಿದ್ದೀನಿ, ಯಾಕಂದ್ರ ಪೂರ್ತಿ ಲೆಕ್ಕವನ್ನ ಹಾಕಬೇಕಾದ ಜಾಗ ನೋಟಿಸ್ ಬೋರ್ಡ್, ನನ್ನ ಪೇಜ್ ಅಲ್ಲ. ಇಲ್ಲಿ ಪ್ರಮಾಣ ಅಷ್ಟೇ ಹೇಳ್ತೀನಿ.

ಒಕ್ಕೂಟಕ್ಕೆ ನೂರು ರೂಪಾಯಿ ಬಂತು ಅಂತ ಇಟ್ಕೊಳ್ಳಿ. ಅದರಲ್ಲಿ 38 ರೂಪಾಯಿ ಪೆಂಡಾಲ್, ಸ್ಟೇಜು, ಸೌಂಡ್ ಸಿಸ್ಟಮ್. 27 ರೂಪಾಯಿ ಶಾಲು, ಹಾರ, ಫಲಕ, ಅತಿಥಿಗಳ ಓಡಾಟ. 15 ರೂಪಾಯಿ ಅತಿಥಿಗಳ ಮತ್ತು ನಮ್ಮ ಕಮಿಟಿಯ ಊಟ. 9 ರೂಪಾಯಿ ಫ್ಲೆಕ್ಸ್. ಉಳಿದ 11 ರೂಪಾಯಿಯಲ್ಲಿ ಸ್ಪರ್ಧೆಯ ಬಹುಮಾನ, ಪೆನ್ನು, ಹಾಳೆ, ಎಲ್ಲಾ.

ಯಾರೂ ಒಂದು ರೂಪಾಯಿ ತಿಂದಿಲ್ಲ. ಇದನ್ನ ಸ್ಪಷ್ಟವಾಗಿ ಹೇಳ್ತೀನಿ, ಯಾಕಂದ್ರೆ ಕಮೆಂಟ್‌ನಲ್ಲಿ ಮೊದಲು ಅದೇ ಮಾತು ಬರುತ್ತೆ ಅಂತ ಗೊತ್ತು. ಪ್ರತಿ ರಸೀದಿ ಇದೆ. ಪ್ರತಿ ವೋಚರ್ ಮೇಲೆ ನನ್ನ ಸಹಿ ಇದೆ. ಪುಸ್ತಕ ಪೈಸೆಗೆ ಪೈಸೆ ತಾಳೆ ಆಗುತ್ತೆ.

ಆದರೆ ದ್ವಿತೀಯ ಪಿಯುಸಿಯಲ್ಲೇ ನಮಗೆ ಕಲಿಸಿದ್ದು ಏನು? ಹಣ ಕೈಗೆ ಬಂತು ಅಂದ ಮಾತ್ರಕ್ಕೆ ಅದು ಆದಾಯ ಆಗಲ್ಲ. ಮುಂಗಡವಾಗಿ ತಗೊಂಡ ದುಡ್ಡಿಗೆ ಸೇವೆ ಕೊಡೋವರೆಗೂ ಅದು ಹೊಣೆಗಾರಿಕೆ, ಆಸ್ತಿ-ಹೊಣೆ ಪಟ್ಟಿಯಲ್ಲಿ ಸಾಲದ ಪಕ್ಕ ಕೂರಬೇಕಾದದ್ದು. ನನ್ನ ಬೆಂಚ್‌ಮೇಟ್ ಕಟ್ಟಿದ ಫೀಸು ಹಾಗೆ ನೋಡಿದರೆ ಇನ್ನೂ ಆದಾಯ ಆಗಿಲ್ಲ. ಒಕ್ಕೂಟ ಅವಳಿಗೆ ಬಾಕಿ ಇದೆ. ಅವಳಂಥವರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ.

3/7
ಅವಳು ಯಾಕೆ ಬರಲಿಲ್ಲ? 'ಇಂಟರೆಸ್ಟ್ ಇಲ್ಲ' ಅಂತ ನಾವು ಮೀಟಿಂಗ್‌ನಲ್ಲಿ ಎಷ್ಟು ಸಲ ಅಂದಿದ್ದೀವಿ! ನಾನೂ ಅಂದಿದ್ದೀನಿ.

ಈ ಫೋಟೋ ನೋಡಿ, ಬ್ಯಾಡಗಿ ಮಾರ್ಕೆಟ್. ಕೆಂಪು ಬಿಟ್ಟರೆ ಬೇರೆ ಬಣ್ಣ ಇಲ್ಲ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ಮೆಣಸಿನಕಾಯಿ. ಖಾರ ಕಮ್ಮಿ, ಬಣ್ಣ ಜಾಸ್ತಿ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಇದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತೆ ಅಂತ ನಾವೆಲ್ಲ ಹೆಮ್ಮೆಯಿಂದ ರೀಲ್ ಮಾಡ್ತೀವಿ. ಆ ಮೆಣಸಿನಕಾಯಿಯ ತೊಟ್ಟು ಬಿಡಿಸೋ ಕೈಗಳ ರೀಲ್ ಎಷ್ಟು ನೋಡಿದ್ದೀರಿ?

ಸೋಮವಾರ, ಗುರುವಾರ ಅಲ್ಲಿ ಮಾರ್ಕೆಟ್. ಅವಳ ಅಪ್ಪ ಹಮಾಲಿ, ನಸುಕಿನಲ್ಲೇ ಹೋಗ್ತಾರೆ. ಅವ್ವ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗ್ತಾರೆ. ಡಿಸೆಂಬರ್ ಬಂದು ಹೊಸ ಮಾಲು ಶುರುವಾದ ಮೇಲೆ ಮಧ್ಯಾಹ್ನದ ಬಸ್ಸಿಗೆ ಹೋಗಿ ಇವಳೂ ಅವ್ವನ ಜೊತೆ ಕೂರ್ತಾಳೆ. ಸಂಜೆಗೆ ಕೈ ಉರಿ, ಮೂಗಲ್ಲಿ ಘಾಟು. 2024ರ ಮಾರ್ಚ್ 11ರಂದು ದರ ಕುಸಿದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ಬೆಂಕಿ ಬಿದ್ದದ್ದು ನಮಗೆ ಫಾರ್ವರ್ಡ್ ಆದ ವೀಡಿಯೋ. ಅವಳ ಮನೆಗೆ ಅದು ಕೂಲಿ ಇಲ್ಲದ ದಿನಗಳು.

ಈಗ ನಮ್ಮ ಒಕ್ಕೂಟದ ಕಾರ್ಯಕ್ರಮ ಯಾವಾಗ? ಗುರುವಾರ. ಯಾಕೆ? ಗುರುವಾರ ಕೊನೆಯ ಎರಡು ಪೀರಿಯಡ್ ಖಾಲಿ. ಎಷ್ಟೊತ್ತಿಗೆ? ಕಾರ್ಡಿನಲ್ಲಿ ಮೂರು ಗಂಟೆ, ಅತಿಥಿಗಳು ಬಂದು ದೀಪ ಹಚ್ಚೋದು ನಾಲ್ಕೂವರೆ. ಹಳ್ಳಿ ಬಸ್ಸು ಹಿಡಿಯೋ ಹುಡುಗಿಯರು ಸ್ವಾಗತ ಭಾಷಣದ ನಡುವೆಯೇ ಬ್ಯಾಗ್ ಹಾಕ್ಕೊಂಡು ಎದ್ದು ಹೋಗ್ತಾರೆ. ಚಳಿಗಾಲದಲ್ಲಂತೂ ಆರು ಗಂಟೆಗೇ ಕತ್ತಲು. "ಲಗೂನ ಬಾ" ಅಂತ ಮನೆಯಿಂದ ಫೋನು.

ಇಂಟರೆಸ್ಟ್ ಇಲ್ಲದ್ದು ಅವರಿಗಲ್ಲ. ಅವರ ಬಸ್ಸಿನ ಟೈಮ್ ತಿಳ್ಕೊಳ್ಳೋ ಇಂಟರೆಸ್ಟ್ ನಮಗೆ ಇರಲಿಲ್ಲ.

4/7
ಈ ಫೋಟೋ ನನಗೆ ಬಹಳ ಇಷ್ಟ. ಪೋಸ್ಟರ್‌ನಲ್ಲಿ ಇದು ಇಲ್ಲ, ಯಾಕಂದ್ರೆ ಇದು ಒಕ್ಕೂಟದ ಕಾರ್ಯಕ್ರಮವೇ ಅಲ್ಲ.

ಡಿಸೆಂಬರ್‌ನ ಒಂದು ಭಾನುವಾರ. ಐಡಿಯಾ ಅವಳದ್ದೇ. "ಆಯಿತವಾರ ಮುಂಜಾನೆ ಇಟ್ಕೋರಿ, ಬುತ್ತಿ ನಾ ತರ್ತೀನಿ" ಅಂದಳು. ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿದ್ವಿ: ರಾಣೆಬೆನ್ನೂರು ಬಸ್ ಸ್ಟ್ಯಾಂಡ್, ಎಂಟು ಗಂಟೆ, ಬರೋರು ಬನ್ನಿ. ಹತ್ತು ಜನ ಬಂದರೆ ಹೆಚ್ಚು ಅಂದ್ಕೊಂಡಿದ್ವಿ. ನಲವತ್ತೊಂದು ಜನ ಬಂದರು! ಹುಡುಗಿಯರಿಗೆ ಶಕ್ತಿ ಯೋಜನೆಯ ಜೀರೋ ಟಿಕೆಟ್, ಹುಡುಗರಿಗೆ ಬಸ್ ಚಾರ್ಜು, ಅಲ್ಲಿಂದ ಮುಂದೆ ಟಂಟಂ. ಅಷ್ಟೇ ಖರ್ಚು.

ಹೋಗಿದ್ದು ಕೃಷ್ಣಮೃಗ ಅಭಯಾರಣ್ಯಕ್ಕೆ. 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯಲ್ಲೇ ಇರುವ ಇದನ್ನ ನಲವತ್ತೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಜನ ನೋಡೇ ಇರಲಿಲ್ಲ. ಮಂಜು ಇನ್ನೂ ಕರಗಿರಲಿಲ್ಲ. ನೀಲಗಿರಿ ಮರಗಳ ಆಚೆ ಬಯಲಲ್ಲಿ ಏನೋ ಅಲುಗಾಡಿತು. ಯಾರೋ "ಆಡು" ಅಂದರು. ಆಗ ಫಸ್ಟ್ ಇಯರ್ ಹುಡುಗನೊಬ್ಬ ಮೆಲ್ಲಗೆ, "ಆಡಲ್ರೀ ಅಕ್ಕಾರ, ಚಿಗರಿ" ಅಂದ.

ಅವನ ಮನೆಯವರು ಕುರಿ ಕಾಯುವವರು. ಸೆಮಿನಾರ್‌ನಲ್ಲಿ ಹೆಸರು ಕರೆದರೆ ತಲೆ ಬಗ್ಗಿಸೋ ಹುಡುಗ ಅವತ್ತು ಒಂದು ತಾಸು ಮಾತಾಡಿದ. ಕಪ್ಪು ಮೈ, ತಿರುಚಿದ ಕೋಡು ಇರೋದು ಗಂಡು. ಕಂದು ಬಣ್ಣದ, ಕೋಡಿಲ್ಲದ್ದು ಹೆಣ್ಣು. ಗಾಳಿ ಯಾವ ಕಡೆ ಬೀಸ್ತೈತಿ ನೋಡಿ ನಿಲ್ಲಬೇಕು. ಜೋರಾಗಿ ನಗಬಾರದು. ನಮ್ಮ ಒಕ್ಕೂಟ 'ವ್ಯಕ್ತಿತ್ವ ವಿಕಸನ' ಅಂತ ಎರಡು ಕಾರ್ಯಕ್ರಮ ಮಾಡಿತ್ತು. ಎರಡರಲ್ಲೂ ಅವನು ಕೊನೆಯ ಸಾಲಿನಲ್ಲಿ ಕೂತಿದ್ದನಂತೆ.

5/7
ಬುತ್ತಿಯ ಫೋಟೋ ಕೇಳಿದವರಿಗೆ, ಇಗೋ.

ಒಬ್ಬ ದೋಸ್ತನ ಕಾಕಾನ ಹೊಲದಲ್ಲಿ ಕೂತ್ವಿ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿದ್ದು, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮತ್ತೆ ಅವಳ ಅವ್ವ ಕಳಿಸಿದ ರಂಜಕ. ಹಣ್ಣು ಮೆಣಸಿನಕಾಯಿಯದು, ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಬೇಕು ಅನ್ನಿಸುವಂಥದು. ಕಾಕಾ ಕಡ್ಲಿ ಗಿಡ ಕಿತ್ತು ತಂದು ಮುಂದೆ ಹಾಕಿದರು. ಸುಲಗಾಯಿ ಸುಲಿದು ತಿಂತಾ, ಬಿಸಿಲಿಗೆ ಬೆನ್ನು ಕೊಟ್ಟು ಕೂತ್ವಿ. ಮೈಕ್ ಇರಲಿಲ್ಲ, ಕುರ್ಚಿ ಇರಲಿಲ್ಲ. ಹಾಗಾಗಿ ಮುಂದಿನ ಸಾಲು, ಹಿಂದಿನ ಸಾಲು ಅಂತಲೂ ಇರಲಿಲ್ಲ.

ಹೊರಡೋ ಹೊತ್ತಿಗೆ ಅವಳು ಹೇಳಿದ ಮಾತು: "ಇವತ್ತ ನನಗ ಕಾಲೇಜಿಗೆ ಬಂದಂಗ ಆತು."

ಮೂರನೇ ವರ್ಷದಲ್ಲಿ! ಕೇಳಿ ನಾನು ಸುಮ್ಮನೆ ಬಸ್ಸು ಹತ್ತಿದೆ.

ನಮ್ಮ ಕಡೆ ಚಳಿಗಾಲ ಅಂದರೆ ಸುಗ್ಗಿ ಕಾಲ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಚರಗ, ಸಂಕ್ರಮಣಕ್ಕೆ ಹೊಳಿಗೆ ಹೋಗಿ ಬುತ್ತಿ, ಆಮೇಲೆ ಹಾಲುಗಾಳಿನ ಸೀತನಿ. ದುಡಿಮೆ ಜಾಸ್ತಿ ಇರೋದೂ ಇದೇ ಕಾಲದಲ್ಲಿ, ಕೂತು ಹಂಚಿಕೊಂಡು ಉಣ್ಣೋದೂ ಇದೇ ಕಾಲದಲ್ಲಿ. ನಮ್ಮ ಹಿರಿಯರು ಎರಡನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಹೊಂದಿಸಿಕೊಂಡಿದ್ದರು. ಡಿಗ್ರಿ ಓದೋ ನಮಗೆ ಯಾಕೆ ಆಗ್ತಿಲ್ಲ?

6/7
ಈಗ ನನ್ನ ಅಭಿಪ್ರಾಯ, ನೇರವಾಗಿ.

ವರ್ಷದ ಹಿನ್ನೋಟ ಅಂದರೆ ಎಷ್ಟು ಕಾರ್ಯಕ್ರಮ ಆಯಿತು ಅನ್ನೋದಲ್ಲ, ಯಾರಿಗೆ ಮುಟ್ಟಿತು ಅನ್ನೋದು. 2025ರ ಫೆಬ್ರುವರಿಯಲ್ಲಿ ಕೆಲವು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸಿನ ಸುದ್ದಿ ಬಂತು, ಪಟ್ಟಿಯಲ್ಲಿ ಹಾವೇರಿ ವಿ.ವಿ. ಹೆಸರೂ ಇತ್ತು. ಆ ವಾರ ನಮ್ಮ ಒಕ್ಕೂಟದ ಗ್ರೂಪ್‌ನಲ್ಲಿ ನಡೆದ ಚರ್ಚೆ ಫೆಸ್ಟ್ ಟೀ ಶರ್ಟಿನ ಬಣ್ಣದ್ದು. ಮರೂನೋ, ನೇವಿ ಬ್ಲೂನೋ ಅಂತ. ನಾನೂ ಮರೂನ್‌ಗೆ ವೋಟ್ ಹಾಕಿದ್ದೆ.

ವೋಟ್ ಅಂದಾಗ ನೆನಪಾಯಿತು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ಮೂರು ದಶಕದ ಮೇಲಾಯಿತು. ಈಗ ಮತ್ತೆ ತರುವ ಮಾತು ಕೇಳಿಬರ್ತಿದೆ. ಬಂದರೆ ಒಳ್ಳೇದಾ, ಗಲಾಟೆಯಾ ಅಂತ ಎಲ್ಲರೂ ಜಗಳ ಆಡ್ತಾರೆ. ಆದರೆ 2006ರ ಲಿಂಗ್ಡೋ ಸಮಿತಿ ಶಿಫಾರಸಿನಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ವಿಷಯ ಇದೆ. ಅಭ್ಯರ್ಥಿ 5,000 ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ, ಫಲಿತಾಂಶ ಬಂದ ಮೇಲೆ ಲೆಕ್ಕ ಒಪ್ಪಿಸಬೇಕು. ಚುನಾವಣೆಗೆ ನಿಂತವರೇ ಲೆಕ್ಕ ಕೊಡಬೇಕು ಅಂದಮೇಲೆ, ಚುನಾವಣೆ ಇಲ್ಲದೆ ಸರ್‌ಗಳು ಆರಿಸಿದ ನಾವು ಇನ್ನೂ ಹೆಚ್ಚು ಕೊಡಬೇಕಲ್ವಾ? ನಮಗೆ ಯಾರೂ ವೋಟ್ ಹಾಕಿಲ್ಲ. ನಮ್ಮನ್ನ ಕೇಳೋಕೆ ಅವರ ಹತ್ರ ಇರೋದು ಒಂದೇ ದಾರಿ, ಲೆಕ್ಕ.

ಮುಂದಿನ ಒಕ್ಕೂಟಕ್ಕೆ ನಾಲ್ಕು ಮಾತು:

ಒಂದು, ವರ್ಷಕ್ಕೆ ಎರಡು ಸಲ ಜಮಾ-ಖರ್ಚು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ.

ಎರಡು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸೋಮವಾರ, ಗುರುವಾರ ಕಾರ್ಯಕ್ರಮ ಬೇಡ. ಬೇರೆ ದಿನ ಇಟ್ಟರೂ ಹನ್ನೊಂದಕ್ಕೆ ಶುರು, ಎರಡಕ್ಕೆ ಮುಗೀಬೇಕು.

ಮೂರು, ಅತಿಥಿಗೆ ಗೌರವ ಬೇಕು, ನಾನೂ ಒಪ್ತೀನಿ. ಏಲಕ್ಕಿ ಹಾರ ನಮ್ಮ ಹಾವೇರಿಯ ಹೆಮ್ಮೆ. ಮುಖ್ಯ ಅತಿಥಿಗೆ ಒಂದು ಹಾಕಿ. ವೇದಿಕೆ ಮೇಲಿರೋ ಹನ್ನೆರಡೂ ಜನಕ್ಕೆ ಶಾಲು, ಫಲಕ ಯಾಕೆ?

ನಾಲ್ಕು, ಚಳಿಗಾಲದಲ್ಲಿ ಒಂದು ಭಾನುವಾರ, ಫೀಸಿಲ್ಲದ ಪ್ರವಾಸ. ಒಮ್ಮೆ ಬಂಕಾಪುರ ಕೋಟೆಯ ನವಿಲುಧಾಮ, ಒಮ್ಮೆ ಕಾಗಿನೆಲೆ, ಒಮ್ಮೆ ಗದಗ ಜಿಲ್ಲೆಯ ಮಾಗಡಿ ಕೆರೆ. ಆ ಕೆರೆಗೆ ಮಂಗೋಲಿಯಾ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರ್ತಾವ. ನಾವು ಹಾವೇರಿಯಿಂದ ಹೋಗಂಗಿಲ್ಲ.

7/7
ಕಮೆಂಟ್‌ನಲ್ಲಿ ಬರೋ ಮಾತು ನಾನೇ ಬರೆದುಬಿಡ್ತೀನಿ.

"ಖಜಾಂಚಿ ಇದ್ದಾಗ ಸುಮ್ನಿದ್ದು ಈಗ ಹೇಳ್ತಿಯಲ್ಲ?" ಹೌದು, ತಪ್ಪು. ಗುರುವಾರದ ಎಲ್ಲ ಕಾರ್ಯಕ್ರಮಕ್ಕೂ ಮುಂದಿನ ಸಾಲಿನಲ್ಲಿ ಕೂತಿದ್ದವಳು ನಾನು. ಪಕ್ಕದ ಬೆಂಚಿನವಳು ಯಾಕೆ ಬಂದಿಲ್ಲ ಅಂತ ಕೇಳೋಕೆ ನನಗೆ ಮೂರು ವರ್ಷ ಬೇಕಾಯಿತು. ಅದೂ ನಾನು ಕೇಳಲಿಲ್ಲ, ಅವಳೇ ಮೆಸೇಜ್ ಮಾಡಿದಳು.

"ಸ್ಟೇಜ್ ಕಾರ್ಯಕ್ರಮ ಬೇಡವೇ ಬೇಡ ಅಂತೀಯಾ?" ಇಲ್ಲ. ನಮ್ಮ ಜಾನಪದ ನೃತ್ಯದ ಟೀಮ್ ಆ ಸ್ಟೇಜಿಗಾಗಿ ಒಂದು ತಿಂಗಳು ಬೆವರು ಸುರಿಸಿದೆ. ಅವರಿಗೆ ಸ್ಟೇಜ್ ಬೇಕು. ನೂರರಲ್ಲಿ 38 ಬೇಕಾ ಅನ್ನೋದಷ್ಟೇ ನನ್ನ ಪ್ರಶ್ನೆ.

"ಒಂದು ಪಿಕ್ನಿಕ್‌ನಿಂದ ಅವಳ ಮನೆ ಕಷ್ಟ ತೀರುತ್ತಾ?" ತೀರಲ್ಲ. ಅವಳೂ ಕಷ್ಟ ತೀರಿಸಿ ಅಂತ ಕೇಳಿಲ್ಲ. ತಾನೂ ಈ ಕಾಲೇಜಿನವಳು, ಲೆಕ್ಕಕ್ಕೆ ಹಿಡೀರಿ ಅಂತ ಕೇಳಿದ್ದು.

ಕೊನೆಯ ಫೋಟೋ ನೋಡಿ. ಒಂದು ಹಾಳೆ, ಎರಡು ಕಾಲಂ, ಕೆಳಗೆ ನನ್ನ ಸಹಿ. ನಮ್ಮ ಒಕ್ಕೂಟದ ಜಮಾ-ಖರ್ಚು. ನೋಟಿಸ್ ಬೋರ್ಡಿಗೆ ಹಾಕಲು ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದೀನಿ. ಅಧ್ಯಕ್ಷನಿಗೆ ಸಿಟ್ಟು ಬಂದಿದೆ, ಎರಡು ದಿನ ಮಾತಾಡಿಲ್ಲ. ಮೂರನೇ ದಿನ ಫೋನ್ ಮಾಡಿ, "ಫ್ಲೆಕ್ಸ್‌ನ ರೊಕ್ಕ ಅಷ್ಟ್ಯಾಕ ಆತ ಲೇ?" ಅಂತ ಕೇಳಿದ. ಅಂದರೆ ಹಾಳೆ ಓದಿದ್ದಾನೆ!

ಸಂಕ್ರಮಣ ಮುಗಿದ ಮೇಲಿನ ಮೊದಲ ಭಾನುವಾರ ಮತ್ತೆ ಹೊರಡ್ತಿದ್ದೀವಿ. ಈ ಸಲ ಸೀತನಿಗೆ. ಜಾಗ, ಬಸ್ಸು ಎಲ್ಲಾ ಅವಳೇ ಗೊತ್ತು ಮಾಡ್ತಾಳೆ. ಬರೋರು ಕೆಳಗೆ ನಿಮ್ಮ ಊರಿನ ಹೆಸರು ಮತ್ತು ಕೊನೆಯ ಬಸ್ಸಿನ ಟೈಮ್ ಹಾಕಿ. ಈ ಸಲ ಟೈಮ್ ನೋಡಿಕೊಂಡೇ ಪ್ಲಾನ್ ಮಾಡ್ತೀವಿ.

ಹಾಂ, ನೀವು ಬೇರೆ ಕಾಲೇಜಿನವರಾ? ನಿಮ್ಮ ಒಕ್ಕೂಟದ ಖಜಾಂಚಿ ಯಾರು ಅಂತ ಗೊತ್ತಾ? ಗೊತ್ತಿದ್ದರೆ ಟ್ಯಾಗ್ ಮಾಡಿ. ಗೊತ್ತಿಲ್ಲದಿದ್ದರೆ ನಾಳೆ ಹೋಗಿ ಕೇಳಿ.

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಒಕ್ಕೂಟದಲೆಕ್ಕ #ಚಳಿಗಾಲ #ಚಿಗರಿ #ಬಿಕಾಂಹುಡುಗಿ