ಮುದ್ರೆಯುಂಗುರವೂ ಹೆಬ್ಬೆರಳೂ

ವಿಶಾಖದತ್ತನ 'ಮುದ್ರಾರಾಕ್ಷಸ'ದ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ'ವಾಗಿ ಕನ್ನಡಕ್ಕೆ ತಂದುದು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. ಆ ಕಥೆಯ ಕೀಲು ಒಂದು ಉಂಗುರ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರುತ್ತದೆ. ಅದರ ಅಚ್ಚೊತ್ತಿದ ಕಪಟ ಪತ್ರವೊಂದು ಹುಟ್ಟಿಕೊಳ್ಳುತ್ತದೆ. ನಂಬಿದ್ದ ಮಲಯಕೇತುವೇ ರಾಕ್ಷಸನನ್ನು ದ್ರೋಹಿಯೆಂದು ದೂರಮಾಡುತ್ತಾನೆ. ಮುದ್ರೆ ಪರರ ವಶವಾದರೆ ಮಾತೂ ಪರರ ವಶವಾಗುತ್ತದೆಂಬುದು ಇದರ ಇಂಗಿತ.

ಇಂದು ಚೆನ್ನೈ ನಗರದ ಎಷ್ಟೋ ಕಚೇರಿ, ಕಾರ್ಖಾನೆಗಳ ಬಾಗಿಲಲ್ಲಿ ಉಂಗುರದ ಸ್ಥಾನವನ್ನು ಬೆರಳೇ ಪಡೆದಿದೆ. ಗೆರೆಗಳು ಕವಲೊಡೆಯುವ, ಕೊನೆಗೊಳ್ಳುವ ಬಿಂದುಗಳನ್ನು ಯಂತ್ರವು ಅಂಕಿಗಳಾಗಿ ಮಾರ್ಪಡಿಸಿ, ಮೊದಲೇ ಸಂಗ್ರಹಿಸಿಟ್ಟುದರೊಡನೆ ಹೋಲಿಸುತ್ತದೆ. ಒಬ್ಬನ ಹಾಜರಿಯನ್ನು ಮತ್ತೊಬ್ಬ ಹಾಕುವ ಮೋಸಕ್ಕೆ ಇದು ತಡೆಯೊಡ್ಡುವುದು ನಿಜ. ಕಲ್ಪಾಕ್ಕಂನ ಅಣುಸ್ಥಾವರದಂತಹ ಎಡೆಯಲ್ಲಿ ಪ್ರವೇಶದ ಬಿಗಿಯನ್ನು ವಿವೇಕಿಗಳಾರೂ ಆಕ್ಷೇಪಿಸಲಾರರು. ಆದರೆ ಅದೇ ಬಿಗಿ ಪಾಠಶಾಲೆಗೂ ಅಗತ್ಯವೆ? ತಮಿಳುನಾಡಿನ ಶಿಕ್ಷಕರಿಗೆ ವಿಧಿಸಿದ ಬೆರಳಚ್ಚಿನ ಹಾಜರಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಮದ್ರಾಸ್ ಉಚ್ಚ ನ್ಯಾಯಾಲಯವು 2019ರಲ್ಲಿ ವಜಾಗೊಳಿಸಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದರೂ ಔಚಿತ್ಯದ ಪ್ರಶ್ನೆ ಮುಗಿಯಲಿಲ್ಲ.

1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷಲ್ ಎಂಬ ಆಂಗ್ಲ ಅಧಿಕಾರಿಯು ಗುತ್ತಿಗೆದಾರನೊಬ್ಬನ ಅಂಗೈಯಚ್ಚನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡನು. ಮುಂದೆ ಅವನು ಕರಾರನ್ನು ಅಲ್ಲಗಳೆಯದಿರಲೆಂಬುದೇ ಉದ್ದೇಶ. ಪ್ರಜೆಯ ಮಾತಿನಲ್ಲಿ ಅಪನಂಬಿಕೆಯೇ ಈ ವಿದ್ಯೆಯ ಮೂಲದಲ್ಲಿದೆ. ಕನ್ನಡದಲ್ಲಿ 'ಹೆಬ್ಬೆಟ್ಟಿನವನು' ಎಂದರೆ ಅಕ್ಷರ ಬಾರದವನು. ಹೆಬ್ಬೆಟ್ಟಿನಿಂದ ರುಜುವಿಗೆ ಬರುವುದೇ ಸಾಕ್ಷರತೆಯ ಮೊದಲ ಮೆಟ್ಟಿಲೆಂದು ಭಾವಿಸಿದ ಸಮಾಜದಲ್ಲಿ ಅಕ್ಷರ ಕಲಿಸುವವನೇ ಮರಳಿ ಹೆಬ್ಬೆಟ್ಟೊತ್ತುತ್ತಿರುವುದು ವಿಪರ್ಯಾಸ. ರುಜು ಮನಸ್ಸಿನ ಒಪ್ಪಿಗೆ. ಬೆರಳಚ್ಚು ಕೇವಲ ದೇಹದ ಇರವು. ತರಗತಿಗೆ ಬಂದನೆಂಬುದನ್ನು ಯಂತ್ರ ಹೇಳಬಲ್ಲುದು, ಪಾಠ ಹೇಳಿದನೆಂಬುದನ್ನು ಹೇಳಲಾರದು.

ಉಂಗುರ ಕಳೆದರೆ ಬೇರೊಂದು ಮಾಡಿಸಬಹುದು; ಬೀಗವನ್ನು ಬದಲಿಸಬಹುದು. ಬೆರಳನ್ನು ಬದಲಿಸಲಾಗದು. ಸಂಗ್ರಹದಿಂದ ಅದರ ಗುರುತು ಒಮ್ಮೆ ಕಳುವಾದರೆ ಆ ನಷ್ಟ ಜೀವನಪರ್ಯಂತದ್ದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದುದು 2017ರಲ್ಲಿ. ಆದರೂ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಉದ್ಯೋಗದ ಉದ್ದೇಶಗಳಿಗಾಗಿ ನೌಕರನ ಸಮ್ಮತಿಯಿಲ್ಲದೆಯೂ ಅವನ ದತ್ತಾಂಶವನ್ನು ಬಳಸಲು ಎಡೆಗೊಟ್ಟಿದೆ.

ಗಾರೆ ಕಲಸಿ, ಇಟ್ಟಿಗೆ ಹೊತ್ತು ಗೆರೆ ಸವೆದ ಬೆರಳನ್ನು ಯಂತ್ರವು ಎಷ್ಟೋ ವೇಳೆ ಗುರುತಿಸುವುದಿಲ್ಲ. ದುಡಿಮೆಯ ಗುರುತೇ ಅಲ್ಲಿ ದುಡಿಮೆಗಾರನಿಗೆ ಎರವಾಗುತ್ತದೆ. ಆದುದರಿಂದ ನಿಜವಾದ ಅಪಾಯವಿರುವೆಡೆಗಷ್ಟೇ ಈ ಸಾಧನ ಮೀಸಲಾಗಬೇಕು. ಅಲ್ಲಿಯೂ ಬೆರಳಿನ ಗುರುತು ಸಂಸ್ಥೆಯ ಭಂಡಾರಕ್ಕೆ ಬದಲು ನೌಕರನ ಕೈಯಲ್ಲಿರುವ ಕಾರ್ಡಿನಲ್ಲಿಯೇ ಇರಬೇಕು. ಬೆರಳು ಸವೆದವನಿಗೆ ಬೇರೆ ದಾರಿಯಿರಬೇಕು. ಕೆಲಸ ಬಿಟ್ಟಂದು ಗುರುತು ಅಳಿಯಬೇಕು. ಮಿಕ್ಕೆಡೆಗಳಲ್ಲಿ ಹಾಜರಿ ಪುಸ್ತಕವೂ ರುಜುವೂ ಸಾಕು. ಮುದ್ರೆಯು ಅದರ ಒಡೆಯನ ಬಳಿಯಲ್ಲಿರುವುದೇ ಕ್ಷೇಮವೆಂಬುದನ್ನು ರಾಕ್ಷಸನ ಕಥೆ ಎಂದೋ ಹೇಳಿದೆ.