ಅವಧಿಯುಳ್ಳ ಉದ್ಯೋಗ, ಅಳಿಯದ ವಿದ್ಯೆ



ಕೆಲವು ದಿನಗಳ ಹಿಂದೆ ನಮಗೆ ಚಿರಪರಿಚಿತರಾದ ರೈತ ದಂಪತಿಗಳು ಒಂದು ಪ್ರಕಟಣೆಯ ಪ್ರತಿಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಯೋಜನಾ ಸಿಬ್ಬಂದಿಯ ಹುದ್ದೆಗಳಿಗೆ ಅರ್ಜಿ ಕರೆದ ಪ್ರಕಟಣೆಯದು. ಎಂ.ಎಸ್ಸಿ. ಮುಗಿಸಿದ ಮಗಳು ಅರ್ಜಿ ಸಲ್ಲಿಸಬೇಕೆನ್ನುತ್ತಾಳೆ. "ಗುರುಗಳೇ, ಇದು ಸರ್ಕಾರಿ ನೌಕರಿಯೇ? ಗಂಡಿನ ಕಡೆಯವರಿಗೆ ಏನೆಂದು ಹೇಳೋಣ?" ಎಂದು ತಂದೆ ಕೇಳಿದರು. "ಎರಡು ವರ್ಷದ ಕೆಲಸಕ್ಕಾಗಿ ಅಷ್ಟು ದೂರ ಕಳಿಸುವುದೇಕೆ?" ಎಂಬುದು ತಾಯಿಯ ಸಂಶಯ. ಈ ಎರಡು ಪ್ರಶ್ನೆಗಳೂ ನಮ್ಮ ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ, ಈ ತಿಂಗಳ ಅಂಕಣವನ್ನು ಅದಕ್ಕಾಗಿಯೇ ಮೀಸಲಿಡುತ್ತಿದ್ದೇವೆ.

ಮೊದಲು ಆ ಸಂಸ್ಥೆಯ ವಿಚಾರ. ಸಿ.ಎಸ್.ಐ.ಆರ್. ಎಂದು ಪ್ರಸಿದ್ಧವಾಗಿರುವ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು 1942ರಲ್ಲಿ ಸ್ಥಾಪಿತವಾಯಿತು. ಅದರ ಆಶ್ರಯದಲ್ಲಿ 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಆಹಾರ ಸಂಶೋಧನಾಲಯ ಆರಂಭವಾಯಿತು. ಎಮ್ಮೆಯ ಹಾಲು ಹಸುಗೂಸುಗಳ ಆಹಾರಕ್ಕೆ ಒದಗದೆಂಬ ಅಭಿಪ್ರಾಯವಿದ್ದ ಕಾಲದಲ್ಲಿ, ಆ ಹಾಲಿನಿಂದಲೇ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ಇಲ್ಲಿಯ ವಿಜ್ಞಾನಿಗಳು ಕಂಡುಹಿಡಿದರು. ಅಮುಲ್ ಸಂಸ್ಥೆಯು ಅದನ್ನು ದೇಶದ ಮನೆಮನೆಗೆ ಮುಟ್ಟಿಸಿತು. ಇಂತಹ ಸ್ಥಳದಲ್ಲಿ ಕೆಲವು ಕಾಲ ದುಡಿಯುವುದು ಯಾವ ವಿದ್ಯಾರ್ಥಿಗಾದರೂ ಗೌರವದ ಸಂಗತಿಯೇ ಸರಿ.

ಆದರೆ ಗೌರವ ಬೇರೆ, ಶಾಶ್ವತಿ ಬೇರೆ. ಸಂಶೋಧನಾಲಯದ ವಿಜ್ಞಾನಿಯೊಬ್ಬರು ಒಂದು ನಿರ್ದಿಷ್ಟ ಸಮಸ್ಯೆಯನ್ನು ಕೈಗೆತ್ತಿಕೊಂಡಾಗ, ಸರ್ಕಾರದ ಯಾವುದೋ ಇಲಾಖೆಯೋ ಉದ್ಯಮವೋ ಅದಕ್ಕೆ ಎರಡು ಮೂರು ವರ್ಷಗಳ ಮಟ್ಟಿಗೆ ಹಣ ಮಂಜೂರು ಮಾಡುತ್ತದೆ. ಉಪಕರಣಗಳಿಗಿಷ್ಟು, ರಾಸಾಯನಿಕಗಳಿಗಿಷ್ಟು, ಕೆಲಸಗಾರರಿಗಿಷ್ಟು ಎಂದು ಆ ಹಣ ಮೊದಲೇ ವಿಂಗಡವಾಗಿರುತ್ತದೆ. ಯೋಜನಾ ಸಹಾಯಕರು, ಯೋಜನಾ ಸಹವರ್ತಿಗಳು ಮೊದಲಾದವರ ವೇತನವು ಈ ಮೂರನೆಯ ಪಾಲಿನಿಂದ ಬರುವಂಥದು. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ಸಂಸ್ಥೆಯ ಕಾಯಂ ವಿಜ್ಞಾನಿಗಳ ನೇಮಕಕ್ಕೆ ಪ್ರತ್ಯೇಕ ಪ್ರಕಟಣೆ, ಪ್ರತ್ಯೇಕ ಆಯ್ಕೆ ಇರುತ್ತವೆ. ಕ್ರಮಬದ್ಧ ನೇಮಕಾತಿಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರು, ಬಹುಕಾಲ ದುಡಿದ ಮಾತ್ರಕ್ಕೆ ಕಾಯಮಾತಿಯನ್ನು ಹಕ್ಕೆಂದು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು ತೀರ್ಪಿತ್ತಿತು. ಉಮಾದೇವಿ ಪ್ರಕರಣವೆಂದು ಹೆಸರಾದ ಆ ದಾವೆ ನಮ್ಮ ಕರ್ನಾಟಕದಿಂದಲೇ ಹೋದದ್ದು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ನಮ್ಮದೇ ಒಂದು ತಪ್ಪು ಕಾರಣವಾಗಿದೆ. ಕೆಲವು ವರ್ಷಗಳ ಹಿಂದೆ, ಒಂದು ಸಂಶೋಧನಾ ಸಂಸ್ಥೆಯ ಯೋಜನೆಗೆ ಆಯ್ಕೆಯಾದ ತರುಣನೊಬ್ಬನನ್ನು ಊರಿನ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಶಾಲು ಹೊದಿಸಿ ಸನ್ಮಾನಿಸಿದೆವು. "ಕೇಂದ್ರ ಸರ್ಕಾರದ ಹುದ್ದೆಯನ್ನು ಪಡೆದ ನಮ್ಮ ಹೆಮ್ಮೆಯ ಕುವರ" ಎಂದು ವೇದಿಕೆಯ ಮೇಲೆ ಕೊಂಡಾಡಿದೆವು. ಆದೇಶಪತ್ರವನ್ನು ನಾವು ಓದಿರಲಿಲ್ಲ. ಎರಡು ವರ್ಷಗಳಿಗೆ, ಅದರಲ್ಲಿ ಬರೆದಿದ್ದಂತೆಯೇ, ಯೋಜನೆ ಸಮಾಪ್ತವಾಯಿತು. ಆ ಹುಡುಗ ಊರಿಗೆ ಬರಲು ನಾಚಿ, ಮನೆಯವರಿಗೂ ತಿಳಿಸದೆ ತಿಂಗಳುಗಟ್ಟಲೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕಾಲ ಕಳೆದ, ದೀಪಾವಳಿಗೂ ಬರಲಿಲ್ಲ. ಮುಂದೆ ಭೇಟಿಯಾದಾಗ, "ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ ಗುರುಗಳೇ, ಆದರೆ ನೀವು ಹೇಳಿದ ಮಾತನ್ನು ಉಳಿಸಿಕೊಳ್ಳುವುದು ನನ್ನಿಂದಾಗಲಿಲ್ಲ" ಎಂದ. ಅಂದು ನಾವು ತಲೆ ತಗ್ಗಿಸಿದೆವು. ಅವನನ್ನು ಕೊನೆಗೆ ಕಾಪಾಡಿದ್ದು ನಮ್ಮ ಶಾಲಲ್ಲ, ಪ್ರಯೋಗಾಲಯದಲ್ಲಿ ಅವನು ಕಲಿತಿದ್ದ ವಿಶ್ಲೇಷಣ ಯಂತ್ರದ ಕೆಲಸ. ಅದರ ಬಲದಿಂದಲೇ ಔಷಧ ಕಾರ್ಖಾನೆಯೊಂದರ ಗುಣಪರೀಕ್ಷಾ ವಿಭಾಗದಲ್ಲಿ ಅವನಿಗೆ ನೆಲೆ ದೊರೆಯಿತು.

ಆದ್ದರಿಂದ ತರುಣ ತರುಣಿಯರಿಗೆ ನಾಲ್ಕು ಮಾತು. ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿರಿ. ಯೋಜನೆಯ ವಿಷಯ, ಅದು ಮುಗಿಯುವ ದಿನಾಂಕ, ಅಗತ್ಯ ವಿದ್ಯಾರ್ಹತೆ, ವಯೋಮಿತಿ, ಇವನ್ನು ಗುರುತು ಹಾಕಿಕೊಳ್ಳಿರಿ. ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಕಾಣದ ಪ್ರಕಟಣೆಯನ್ನು ನಂಬಬೇಡಿರಿ. ಹುದ್ದೆ ಕೊಡಿಸುವೆನೆಂದು ಹಣ ಕೇಳುವವನನ್ನು ಹೊಸ್ತಿಲಲ್ಲೇ ತಡೆಯಿರಿ. ನೆಟ್ ಅಥವಾ ಗೇಟ್ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದರಿಂದ ಪ್ರತ್ಯಕ್ಷ ಲಾಭವಿದೆ. 2020ರ ಕೇಂದ್ರದ ಮಾರ್ಗಸೂಚಿಯಲ್ಲಿ ಮೊದಲ ದರ್ಜೆಯ ಯೋಜನಾ ಸಹವರ್ತಿಗೆ, ಇಂತಹ ಅರ್ಹತೆಯಿದ್ದರೆ ತಿಂಗಳಿಗೆ 31,000 ರೂಪಾಯಿ, ಇಲ್ಲದಿದ್ದರೆ 25,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ ಎಂದು ನಿಗದಿಯಾಗಿತ್ತು. ಇಂತಹ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ನಿಮ್ಮ ಪ್ರಕಟಣೆಯಲ್ಲಿರುವ ಮೊತ್ತವನ್ನೇ ಪ್ರಮಾಣವಾಗಿಟ್ಟುಕೊಳ್ಳಿರಿ. ಸೇರಿದ ಬಳಿಕ, ದಿನಕ್ಕೊಂದು ಹೊಸ ಕೆಲಸವನ್ನು ಕಲಿತು ಟಿಪ್ಪಣಿಯಲ್ಲಿ ಬರೆದಿಡಿರಿ. ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮುಂಚೆಯೇ ಮುಂದಿನ ದಾರಿಯನ್ನು ಅರಸತೊಡಗಿರಿ. ಅನುಭವ ಪ್ರಮಾಣಪತ್ರವನ್ನು ಪಡೆಯದೆ ಹೊರಬರಬೇಡಿರಿ.

ಪಾಲಕರಿಗೆ ಒಂದೇ ಮಾತು. ಮಕ್ಕಳ ಉದ್ಯೋಗವನ್ನು ಇದ್ದದ್ದು ಇದ್ದಂತೆ ಹೇಳಿರಿ. ಹಿಗ್ಗಿಸಿ ಹೇಳಿದ ಮಾತಿನ ಭಾರವನ್ನು ಕೊನೆಗೆ ಹೊರುವವರು ಅವರೇ. ಹಾಗೆಂದು "ತಾತ್ಕಾಲಿಕ" ಎಂದು ಮೂಗು ಮುರಿಯುವುದೂ ತರವಲ್ಲ. ನಾವೂ ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಇದ್ದದ್ದು ಕೆಲವೇ ವರ್ಷ. ಅಲ್ಲಿ ಕಲಿತದ್ದು ಅರವತ್ತು ದಾಟಿದ ಇಂದಿಗೂ ನಮ್ಮನ್ನು ಪೊರೆಯುತ್ತಿದೆ.

ಆ ದಂಪತಿಗಳಿಗೆ ನಾವು ಹೇಳಿದ್ದಿಷ್ಟು: "ಗಂಡಿನ ಕಡೆಯವರು ಕೇಳಿದರೆ, ಮಗಳು ಒಂದು ಯೋಜನೆಯಲ್ಲಿ ನಿಗದಿತ ಅವಧಿಗೆ ಕೆಲಸ ಮಾಡಲು ಅರ್ಜಿ ಹಾಕಿದ್ದಾಳೆಂದು ಹೇಳಿರಿ. ಅಷ್ಟನ್ನು ಕೇಳಿ ಹಿಂದೆ ಸರಿಯುವವರಾದರೆ, ಆ ಸಂಬಂಧ ಈಗಲೇ ತಪ್ಪಿದ್ದು ಒಳಿತು." ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೈಸೂರಿನಲ್ಲಿ ಹೆಣ್ಣುಮಕ್ಕಳ ವಸತಿನಿಲಯ ಎಲ್ಲಿದೆ, ವಿಚಾರಿಸಿಕೊಡಿ" ಎಂದರು. ಸಂಶಯ ಕಳೆಯಿತೆಂದು ನಮಗೆ ಆಗ ತಿಳಿಯಿತು.