ಶಾಲು ಹೊದ್ದ ಪತ್ರಕರ್ತ

ಜುಲೈ 1 ಬಂತೆಂದರೆ ತಾಲ್ಲೂಕು ತಾಲ್ಲೂಕಿನಲ್ಲೂ ಪತ್ರಿಕಾ ದಿನಾಚರಣೆ. ದೀಪ ಬೆಳಗಲು ಶಾಸಕರೋ ಮಂತ್ರಿಗಳೋ ಬರುತ್ತಾರೆ, ಹಿರಿಯ ವರದಿಗಾರರಿಗೆ ಶಾಲು, ಹಾರ, ಫಲತಾಂಬೂಲ ಸಲ್ಲುತ್ತದೆ, ಭಾಷಣದಲ್ಲಿ ‘ನಾಲ್ಕನೇ ಅಂಗ’ ತಪ್ಪದೆ ಹಾಜರಾಗುತ್ತದೆ. ಸುದ್ದಿ ಹೇಗೆ ಹುಟ್ಟುತ್ತದೆಂದು ಹತ್ತಿರದಿಂದ ನೋಡುವ ಅವಕಾಶ ಓದುಗನಿಗಿಲ್ಲ. ವರ್ಷಕ್ಕೊಮ್ಮೆ ಅವನ ಕಣ್ಣಿಗೆ ಬೀಳುವುದು ಮರುದಿನ ಅಚ್ಚಾಗುವ ಈ ಫೋಟೊ. ಪ್ರಶ್ನೆ ಕೇಳಬೇಕಾದವನು ಉತ್ತರ ಕೊಡಬೇಕಾದವರ ಕೈಯಿಂದಲೇ ಶಾಲು ಹೊದೆಸಿಕೊಳ್ಳುತ್ತಿರುತ್ತಾನೆ. ಪತ್ರಕರ್ತರೆಂದರೆ ದೊಡ್ಡವರ ಮಗ್ಗುಲಲ್ಲಿ ಕೂರುವವರು ಎಂದು ಜನ ಅಂದುಕೊಂಡಿದ್ದರೆ ಅದರಲ್ಲಿ ಈ ಹಬ್ಬದ ಪಾಲೂ ಇದೆ.

ತಾರೀಖಿನ ಆಯ್ಕೆಯನ್ನೇ ನೋಡಿ. 1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರ ಸುದ್ದಿ, ಸರ್ಕಾರದ ನಿರೂಪ, ಗಾದೆ, ಕಥೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಕನ್ನಡಕ್ಕೆ ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಹುಟ್ಟಿದ ದಿನವನ್ನು ಆಚರಿಸುವಾಗ ಹುಟ್ಟಷ್ಟೇ ನೆನಪಾಗುತ್ತದೆ, ಜಗಳ ನೆನಪಾಗುವುದಿಲ್ಲ. 1780ರಲ್ಲಿ ಕಲ್ಕತ್ತೆಯಲ್ಲಿ ಪತ್ರಿಕೆ ಆರಂಭಿಸಿದ ಹಿಕ್ಕಿ, ಗವರ್ನರ್ ಜನರಲ್ ಹೇಸ್ಟಿಂಗ್ಸ್‌ನನ್ನು ಕೆಣಕಿ ಜೈಲು ಸೇರಿದ. ಅವನ ಹೆಸರೆತ್ತಿದವರು ಜೈಲಿನ ಮಾತು ಬಿಡಲಾರರು. ಅಂಥ ನೆನಪು ನಮಗೂ ಇದೆ. ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸಕೂಡದೆಂದು 1908ರಲ್ಲಿ ಮೈಸೂರು ಸರ್ಕಾರ ಕಾನೂನು ತಂದಾಗ, ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಘಟನೆಯನ್ನು ಹಬ್ಬವಾಗಿಸಿದ್ದರೆ ದೀಪ ಬೆಳಗಲು ಮಂತ್ರಿಗಳು ಇಷ್ಟು ಸಲೀಸಾಗಿ ಬರುತ್ತಿದ್ದರೆ?

ಬಿ.ಸಿ. ರಾಯ್ ನೆನಪಿನ ವೈದ್ಯರ ದಿನವೂ ಜುಲೈ 1ರಂದೇ. ಅಲ್ಲಿಯ ಸನ್ಮಾನ ತಪ್ಪಲ್ಲವಾದರೆ ಇಲ್ಲಿಯದೇಕೆ ತಪ್ಪು ಎನ್ನಬಹುದು. ರೋಗಿ ಶಾಲು ಹೊದಿಸಿದರೆ ಚಿಕಿತ್ಸೆ ಕೆಡುವುದಿಲ್ಲ. ಸುದ್ದಿಯಾಗಬೇಕಾದವರೇ ಹೊದಿಸಿದರೆ, ವರದಿಗಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಓದುಗನಿಗೆ ಅನುಮಾನ ತಪ್ಪದು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಸುದ್ದಿಯ ಲೆಕ್ಕದಲ್ಲಿ ಪುಡಿಗಾಸು ಪಡೆದು ದುಡಿಯುವ ಹಳ್ಳಿಗಾಡಿನ ವರದಿಗಾರನಿಗೆ ವರ್ಷದಲ್ಲಿ ಸಿಗುವ ಮನ್ನಣೆ ಇದೊಂದೇ, ಅದನ್ನೂ ಕಸಿಯಬೇಕೆ? ಕಸಿಯುವುದು ಬೇಡ. ಆದರೆ ಅವನ ಕಷ್ಟವನ್ನು ಮುಚ್ಚುತ್ತಿರುವುದೂ ಆ ಶಾಲೇ. ಮಂತ್ರಿಗಳ ಪಕ್ಕ ನಿಂತವನಿಗೆ ಸಂಬಳವಿಲ್ಲವೆಂದರೆ ಯಾರು ನಂಬುತ್ತಾರೆ?

ಪತ್ರಕರ್ತರ ಸಂಘಗಳು ಮುಂದಿನ ಜುಲೈ 1ರಂದು ಸನ್ಮಾನವನ್ನು ಓದುಗರ ಕೈಯಿಂದ ಮಾಡಿಸಲಿ. ಮಂತ್ರಿಗಳೂ ಬರಲಿ; ಸಭಿಕರ ಸಾಲಿನಲ್ಲಿ ಕೂತು, ವರದಿಗಾರರು ಕೇಳಿದ್ದಕ್ಕೆ ಉತ್ತರ ಹೇಳಲಿ.